ನೀರಿನ ಪರೀಕ್ಷೆ ಮತ್ತು ಮಹಿಳೆಯರ ಮಾತಿನ ಮಾನ್ಯತೆ
(ಜಾವಗಲ್ ಭಾಗದ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



1933ರಲ್ಲಿ ಕಮಲಾ ಭಾಗವತ್ ಎಂಬ ಪದವೀಧರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಪ್ರವೇಶ ಕೋರಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರು ನಿರಾಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತಿನ ಮೇಲೆ ಪ್ರವೇಶ ದೊರೆಯಿತು: ನಿರ್ದೇಶಕರಿಗೆ ತೃಪ್ತಿಯಾಗುವವರೆಗೆ, ಮೊದಲ ಒಂದು ವರ್ಷ, ಅವರ ಕೆಲಸಕ್ಕೆ ಅಧಿಕೃತ ಮಾನ್ಯತೆಯಿಲ್ಲ. ಹಾಲು ಹಾಗೂ ಬೇಳೆಕಾಳುಗಳ ಪ್ರೋಟೀನನ್ನು ಕುರಿತು ಅವರು ನಡೆಸಿದ ಸಂಶೋಧನೆಯನ್ನು ಕಂಡು, ಸಂಸ್ಥೆಯು ಇತರ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. 1939ರಲ್ಲಿ ಕೇಂಬ್ರಿಡ್ಜ್ ಅವರಿಗೆ ಡಾಕ್ಟರೇಟ್ ನೀಡಿತು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಇವರೇ ನೀರಾದ ಪೌಷ್ಟಿಕ ಗುಣವನ್ನು ಪ್ರಯೋಗದಿಂದ ತೋರಿಸಿಕೊಟ್ಟವರು. ತೆಂಗಿನ ಸೀಮೆಯವರು ಇದನ್ನು ನೆನಪಿಡಬೇಕು.

ಆ ಷರತ್ತಿನ ಸ್ವರೂಪ ಗಮನಾರ್ಹ. ದುಡಿಯಲು ಅನುಮತಿಯುಂಟು, ದುಡಿಮೆಯ ಫಲಕ್ಕೆ ಮಾನ್ಯತೆಯಿಲ್ಲ. ಯಾರು ಕಂಡುಕೊಂಡದ್ದು ಜ್ಞಾನವೆನಿಸುತ್ತದೆ ಎಂದು ಸ್ತ್ರೀವಾದಿ ಚಿಂತಕಿಯರು ವಿಜ್ಞಾನವನ್ನು ಪ್ರಶ್ನಿಸುವುದು ಇಲ್ಲಿಯೇ. ಗ್ರಾಮಗಳಲ್ಲಿ ಇಂಥ ಷರತ್ತನ್ನು ಯಾರೂ ಬರೆದಿಟ್ಟಿಲ್ಲ. ಬರೆಯದೆಯೂ ಅದು ನಡೆಯಬಲ್ಲದು.

ಯಾವ ಬೋರ್‌ವೆಲ್ಲಿನ ನೀರಿನಲ್ಲಿ ಬೇಳೆ ಬೇಯದು, ಸೋಪು ನೊರೆ ಬಾರದು ಎಂಬುದನ್ನು ಹೆಂಗಸರು ಕಿಟ್ ಬರುವ ಮುನ್ನವೇ ಬಲ್ಲರು. ಅದು ಗಡಸುತನದ ಅರಿವು. ಅರಸೀಕೆರೆ ತಾಲ್ಲೂಕಿಗೆ ಹೊಸದಲ್ಲದ ಫ್ಲೋರೈಡ್ ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗದು. ಮಕ್ಕಳ ಹಲ್ಲಿನಲ್ಲಿ ಕಲೆಯಾಗಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದಲೇ ಜಲ ಜೀವನ್ ಮಿಷನ್ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್‌ನ ತರಬೇತಿ ನೀಡಲು ಸೂಚಿಸಿದೆ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿಯೂ ಅರ್ಧದಷ್ಟು ಮಹಿಳೆಯರಿರಬೇಕು.

ಆದರೆ ಪಂಪು, ಸ್ಟಾರ್ಟರ್, ವಾಲ್ವ್ ಎಂದೊಡನೆ ವಾಟರ್‌ಮ್ಯಾನ್‌ನನ್ನು ಕರೆಯುವುದು ರೂಢಿ. ಹುದ್ದೆಯ ಹೆಸರಿನಲ್ಲಿಯೇ ಗಂಡಸು ಕುಳಿತಿದ್ದಾನೆ! ಪರೀಕ್ಷೆ ಮಾಡಿದಾಕೆ ಫಲಿತಾಂಶ ಹೇಳಿದರೆ, "ಆಯ್ತಮ್ಮಾ, ನೋಡೋಣ" ಎಂಬ ಉತ್ತರದಲ್ಲಿ ಮಾತು ಮುಗಿಯಬಾರದು.

ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದೆಯೆಂದು ಕಿಟ್ ತೋರಿಸಿದಲ್ಲಿ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ದೃಢಪಡಿಸಿಕೊಳ್ಳಬೇಕು; ಅಲ್ಲಿಯವರೆಗೆ ಆ ಮೂಲದ ನೀರನ್ನು ಕುಡಿಯಲು ಬಿಡದೆ ಬದಲಿ ವ್ಯವಸ್ಥೆ ಮಾಡುವುದು ಲೇಸು. ಫಲಿತಾಂಶ, ದಿನಾಂಕ, ನೀರಿನ ಮೂಲ ಹಾಗೂ ಪರೀಕ್ಷಿಸಿದವರ ಸಹಿ ವಹಿಯಲ್ಲಿರಲಿ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಈ ವಿಷಯವನ್ನು ಸೇರಿಸಿ, ಪರೀಕ್ಷೆ ಮಾಡಿದ ಮಹಿಳೆಯರನ್ನೇ ಸಭೆಗೆ ಕರೆದು, ಅವರು ಹೇಳಿದ್ದನ್ನು ನಡವಳಿಯಲ್ಲಿ ದಾಖಲಿಸತಕ್ಕದ್ದು.