ಆಪ್ತಸಮಾಲೋಚನೆಯ ಕಲಿಕೆ: ನಮ್ಮ ಮಠಗಳು ಮಾಡಬಹುದಾದದ್ದು

(ತುಮಕೂರಿನಲ್ಲಿ ನಡೆದ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಆಪ್ತಸಮಾಲೋಚನೆ ಕಲಿಯುವ ನಮ್ಮ ಮಕ್ಕಳಿಗೆ ಮುಂದೆ ಏನು ಅವಕಾಶವಿದೆ ಎಂದು ತಿಳಿಸಿಕೊಡಿ ಎಂದು ಸಂಘಟಕರು ಕೇಳಿದರು. ಈ ವಿದ್ಯಾರ್ಥಿಗಳನ್ನು ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಿಗೆ ಕ್ಷೇತ್ರಕಾರ್ಯಕ್ಕೆ ಕರೆದುಕೊಂಡು ಹೋಗುವುದು ನನ್ನ ಕಾಯಕ. ಹಾಗಾಗಿ ಈ ಪ್ರಶ್ನೆಗೆ ಎರಡು ಭಾಗಗಳಲ್ಲಿ ಉತ್ತರ ಹೇಳುತ್ತೇನೆ. ಒಂದು, ಪದವಿ ಮತ್ತು ಉದ್ಯೋಗದ ದಾರಿ. ಇನ್ನೊಂದು, ಪದವಿಪತ್ರದಲ್ಲಿ ಬರೆದಿರದ ಕಲಿಕೆ. ಎರಡನೆಯದು ನಮ್ಮ ಸಮಾಜದ ಕೈಯಲ್ಲಿದೆ.

ಮೊದಲು ಅಗತ್ಯ ಎಷ್ಟಿದೆ ನೋಡೋಣ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆ ಯಾವುದು ಎಂಬುದರ ಮೇಲೆ, ಅವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಮನೋವೈದ್ಯರೊಬ್ಬರಿಂದಲೇ ಇಷ್ಟು ಜನರನ್ನು ತಲುಪಲಾಗದು ಎಂದು ಕರ್ನಾಟಕ ಬಹಳ ಹಿಂದೆಯೇ ಅರಿತಿತ್ತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಆರೈಕೆ ಒದಗಿಸುವ ಪ್ರಯೋಗ ನಡೆಯಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಮ್ಮ ನಾಡು ದೇಶಕ್ಕೆ ಕೊಟ್ಟ ಮಾದರಿ ಇದು.

ಇನ್ನು ವಿದ್ಯಾರ್ಥಿಗಳ ದಾರಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಮತ್ತು ಅದರ ನೋಂದಣಿ ಬೇಕೇ ಬೇಕು. ಎಂ.ಎಸ್‌ಸಿ. ಮುಗಿಸಿದ ಮಾತ್ರಕ್ಕೆ ಆ ಬೋರ್ಡು ಹಾಕಿಕೊಳ್ಳುವಂತಿಲ್ಲ. ಸಮಾಜಕಾರ್ಯ ಓದಿದವರಿಗೆ ಮನೋವೈದ್ಯಕೀಯ ಸಮಾಜಕಾರ್ಯದ ತರಬೇತಿಯಿದೆ. ಇವೆರಡೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿವೆ. ತುಮಕೂರಿನಿಂದ 70 ಕಿ.ಮೀ. ಅಷ್ಟೆ. ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿಯವರು ಮನೆಯಿಂದಲೇ ಕಲಿಯಬಹುದಾದ ತರಬೇತಿಗಳನ್ನು ನಡೆಸುತ್ತಾರೆ. ಶಿಕ್ಷಕರಾಗಿದ್ದುಕೊಂಡು ಕಲಿಯುವವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಡಿಪ್ಲೊಮಾ ಇದೆ. 2021ರಲ್ಲಿ ಬಂದ ಆರೋಗ್ಯ ಪೂರಕ ವೃತ್ತಿಗಳ ಕಾಯ್ದೆ ಆಪ್ತಸಮಾಲೋಚಕರನ್ನೂ ಸಮಾಜಕಾರ್ಯಕರ್ತರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಆದ್ದರಿಂದ ಎರಡು ದಿನದ ಶಿಬಿರದ ಪ್ರಮಾಣಪತ್ರ ನಂಬಿ ಹಣ ಕಟ್ಟುವ ಮೊದಲು, ಇದನ್ನು ಯಾವ ಸಂಸ್ಥೆ ಮಾನ್ಯ ಮಾಡಿದೆ ಎಂದು ಕೇಳಿ. ಉದ್ಯೋಗ ಎಲ್ಲಿ ಎಂದರೆ ಜಿಲ್ಲಾಸ್ಪತ್ರೆ, ಸಾಂತ್ವನ ಕೇಂದ್ರ, ಶಾಲಾ ಕಾಲೇಜು, ವ್ಯಸನಮುಕ್ತಿ ಕೇಂದ್ರ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ.

ಇಷ್ಟು ಮೊದಲ ಭಾಗ. ಎರಡನೆಯದಕ್ಕೆ ಬರುತ್ತೇನೆ.

ನಿಟ್ಟೂರಿನ ಕಡೆಯ ಹಳ್ಳಿಯೊಂದರಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಜಗಲಿಯ ಮೇಲೆ ಕುಳಿತು ಒಬ್ಬ ತಾಯಿಯನ್ನು ಪ್ರಶ್ನಾವಳಿ ಹಿಡಿದು ಮಾತಾಡಿಸುತ್ತಿದ್ದ. "ನಿಮಗೆ ಖಿನ್ನತೆಯ ಭಾವನೆ ಇದೆಯೇ?" ಎಂದು ಓದಿದ. ಆಕೆ, "ಅಂಗೇನಿಲ್ಲ ಕಣಪ್ಪ" ಎಂದರು. ಅವನು 'ಇಲ್ಲ' ಎಂದು ಗುರುತು ಹಾಕಿದ. ಹಾಳೆ ಮಡಚಿದ ಮೇಲೆ ಆ ತಾಯಿ, "ಎದೆ ಮೇಲೆ ಕಲ್ಲು ಹೇರ್ದಂಗೆ ಆಗ್ತೈತೆ, ಕೈಕಾಲಲ್ಲಿ ಜೀವ ಇಲ್ಲ, ಉಂಡಿದ್ದು ಸೇರಲ್ಲ, ರಾತ್ರಿಯೆಲ್ಲ ಕಣ್ಣು ಮುಚ್ಚಲ್ಲ" ಎಂದರು. ಆ ಹಾಳೆಯ ಪ್ರಕಾರ ಆಕೆ ಆರೋಗ್ಯವಂತೆ. ಆಕೆಯ ಮಾತಿನ ಪ್ರಕಾರ ಮನಸ್ಸು ಕುಸಿದು ತಿಂಗಳುಗಳಾಗಿವೆ.

ನಮ್ಮವರು ಮನಸ್ಸಿನ ನೋವನ್ನು ಮೈಯ ಮಾತಿನಲ್ಲಿ ಏಕೆ ಹೇಳುತ್ತಾರೆ? ಅವರಿಗೆ ತಿಳಿವಳಿಕೆ ಇಲ್ಲವೆಂದಲ್ಲ. ಡಾ. ರಘುರಾಮ್, ಮಿಚೆಲ್ ವೈಸ್, ಡಾ. ಎಸ್.ಎಂ. ಚನ್ನಬಸವಣ್ಣ ಮತ್ತಿತರರು ಬೆಂಗಳೂರಿನ ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದುಃಖ, ಬೇಸರ ಎಂದು ಹೇಳಿಕೊಂಡಷ್ಟೂ ಕಳಂಕದ ಭಯ ಹೆಚ್ಚಿತ್ತು. ಮೈಕೈ ನೋವು ಎಂದು ಹೇಳಿಕೊಂಡವರಲ್ಲಿ ಆ ಭಯ ಕಡಿಮೆಯಿತ್ತು. ಮೈ ನೋವು ಯಾರಿಗಾದರೂ ಬರಬಹುದು. ಮನಸ್ಸಿನ ಕಾಯಿಲೆ ಎಂದರೆ ಮಗಳ ಮದುವೆ ನಿಲ್ಲುತ್ತದೆ. ಆ ತಾಯಿ ಜಾಣತನದಿಂದಲೇ ತನ್ನ ಮನೆಯ ಮಾನ ಕಾಯುತ್ತಿದ್ದಾರೆ. ಇದನ್ನು ಅರಿತವನು 'ಖಿನ್ನತೆ' ಎಂಬ ಪದ ಬಿಟ್ಟು, "ಕಲ್ಲು ಹೇರಿದಂಗೆ ಆಗೋದು ಯಾವಾಗಿನಿಂದ ಅಮ್ಮಾ?" ಎಂದು ಕೇಳುತ್ತಾನೆ. ಮುಂದಿನ ಮಾತು ತಾನಾಗಿ ಬರುತ್ತದೆ.

ಹೊರಗಿನ ಶಾಸ್ತ್ರವನ್ನು ನಮ್ಮ ನೆಲಕ್ಕೆ ಒಗ್ಗಿಸಿಕೊಳ್ಳುವುದು ಕನ್ನಡಿಗರಿಗೆ ಹೊಸದಲ್ಲ. ಫ್ರಾನ್ಸಿನ ಬಿನೆ ಅವರ ಬುದ್ಧಿಮತ್ತೆ ಪರೀಕ್ಷೆಯನ್ನು ವಿ.ವಿ. ಕಾಮತರು ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ತಕ್ಕಂತೆ ತಿದ್ದಿ 1934ರಲ್ಲಿ ಸಿದ್ಧಪಡಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಇಂದಿಗೂ ಅದು ಬಳಕೆಯಲ್ಲಿದೆ. ನಿಮ್ಹಾನ್ಸ್‌ನಲ್ಲಿ ದುಡಿದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯವನ್ನು ಕುರಿತು ಸರಳ ಕನ್ನಡದಲ್ಲಿ ಪುಸ್ತಕಗಳ ಮೇಲೆ ಪುಸ್ತಕ ಬರೆದು, ಸಾಮಾನ್ಯ ಜನರಿಗೂ ಆಪ್ತಸಲಹೆಯ ತರಬೇತಿ ಕೊಟ್ಟರು. ವಿದ್ಯಾರ್ಥಿಗಳೇ, ಇಂಗ್ಲಿಷ್ ಪಠ್ಯದ ಜೊತೆಗೆ ಒಂದು ನೋಟುಬುಕ್ಕು ಇಟ್ಟುಕೊಳ್ಳಿ. ಜೀವ ಹಿಂಡುವುದು, ಹೊಟ್ಟೆಯಲ್ಲಿ ತಳಮಳ, ತಲೆ ತುಂಬ ಗಾಳಿ, ಮನಸ್ಸು ನಿಲ್ಲದಿರುವುದು ಎಂದು ಜನ ಆಡುವ ಮಾತುಗಳನ್ನು ಅವರು ಆಡಿದ ಹಾಗೆಯೇ ಬರೆದುಕೊಳ್ಳಿ. ನಿಮ್ಮ ವೃತ್ತಿಜೀವನದ ಮೊದಲ ಆಸ್ತಿ ಅದು.

ಇನ್ನೊಂದು ಸಂಗತಿ ನಂಬಿಕೆಯದು. ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ, ಮೈಮೇಲೆ ಬರುತ್ತದೆ ಎಂದು ಹೇಳಿಕೊಂಡು ಬರುವವರಿದ್ದಾರೆ. ತಾಯತ, ಯಂತ್ರ, ಶಾಸ್ತ್ರ ಕೇಳುವುದನ್ನು ಬಿಡಿ ಎಂದು ಹೇಳುವುದು ಶರಣರ ಹಾದಿ. ನಾವು ಅದನ್ನು ಬಿಟ್ಟುಕೊಡಬೇಕಿಲ್ಲ. ಆದರೆ ನರಳುತ್ತಿರುವವರಿಗೆ ಮೊದಲ ಭೇಟಿಯಲ್ಲೇ "ಇದೆಲ್ಲ ಮೌಢ್ಯ" ಎಂದು ಬೈದರೆ ಅವರು ಎರಡನೆಯ ಸಲ ಬರುವುದಿಲ್ಲ. ಮಂತ್ರವಾದಿಯ ಬಳಿಗೇ ಹೋಗುತ್ತಾರೆ. ಸುಧಾರಣೆಯ ಉಪನ್ಯಾಸಕ್ಕೆ ವೇದಿಕೆಯಿದೆ; ಸಮಾಲೋಚನೆಯ ಕೊಠಡಿಯಲ್ಲಿ ಕೇಳುವ ಕೆಲಸ ಮೊದಲು.

ತಮಿಳುನಾಡಿನ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2001ರ ಆಗಸ್ಟ್ 6ರಂದು ಏರ್ವಾಡಿ ದರ್ಗಾದ ಬಳಿಯ ಖಾಸಗಿ ಆಶ್ರಮದಲ್ಲಿ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದ ಮಾನಸಿಕ ರೋಗಿಗಳು ತಪ್ಪಿಸಿಕೊಳ್ಳಲಾಗದೆ 28 ಮಂದಿ ಪ್ರಾಣ ಬಿಟ್ಟರು. ಮರುವರ್ಷ, 2002ರಲ್ಲಿ, ಅದೇ ಡಾ. ರಘುರಾಮ್ ಮತ್ತು ಸಂಗಡಿಗರು ಇನ್ನೊಂದು ಊರಿನ ದೇಗುಲದ ಬಗ್ಗೆ ಬರೆದರು. ಅಲ್ಲಿ ಮನೆಯವರ ಜೊತೆ ಉಳಿದು, ಗುಡಿಯ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ 31 ಮಂದಿಯಲ್ಲಿ ರೋಗಲಕ್ಷಣಗಳು ಸರಾಸರಿ ಶೇ. 20ರಷ್ಟು ತಗ್ಗಿದ್ದವು. ಎರಡೂ ಕಡೆ ಜನರನ್ನು ಕರೆತಂದದ್ದು ನಂಬಿಕೆಯೇ. ಒಂದು ಕಡೆ ಸರಪಳಿ, ಇನ್ನೊಂದು ಕಡೆ ಬಿಡುಗಡೆ, ಅನ್ನ, ಕೆಲಸ, ಜೊತೆಗಾರರು. ಔಷಧಿ ಬೇಡ ಎಂದು ಇದರ ಅರ್ಥವಲ್ಲ. ಮನುಷ್ಯನನ್ನು ಮನುಷ್ಯನಂತೆ ನಡೆಸಿಕೊಂಡರೆ ಅಷ್ಟರಿಂದಲೇ ಎಷ್ಟು ಗುಣವಿದೆ ಎಂದು ಅರ್ಥ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಎಡೆಯೂರಿಗೆ ಹರಕೆ ಹೊತ್ತು ಬರುವ ಕುಟುಂಬಕ್ಕೆ, "ಗದ್ದುಗೆಯ ದರ್ಶನ ಮಾಡಿ, ಹಾಗೆಯೇ ಕುಣಿಗಲ್ ಆಸ್ಪತ್ರೆಗೂ ಹೋಗಿಬನ್ನಿ, ನಾನು ಜೊತೆಗೆ ಬರುತ್ತೇನೆ" ಎನ್ನಬಲ್ಲ ಆಪ್ತಸಮಾಲೋಚಕ ನಮಗೆ ಬೇಕು.

ಈಗ ಒಂದು ಕಠಿಣವಾದ ಮಾತು. ನಮ್ಮವರೇ ಆದ ಆಪ್ತಸಮಾಲೋಚಕರು ಬೇಕು ಎಂದು ನಾವು ಬಯಸುತ್ತೇವೆ. ನಮ್ಮ ಮನೆಯ ರೀತಿ ಬಲ್ಲವರು ಬೇಕು ಎಂಬುದು ಸರಿ. ಆದರೆ ತಂದೆತಾಯಿ ಮಗಳನ್ನು ಕರೆತಂದು, "ಬೇರೆ ಜಾತಿ ಹುಡುಗನ ಹಿಂದೆ ಬಿದ್ದಿದ್ದಾಳೆ, ನೀವು ನಮ್ಮವರು, ಬುದ್ಧಿ ಹೇಳಿ ಮನಸ್ಸು ತಿರುಗಿಸಿಕೊಡಿ" ಎನ್ನುತ್ತಾರೆ. ಆ ಹುಡುಗಿ ಊಟ ಬಿಟ್ಟು ಹದಿನೈದು ದಿನವಾಗಿರುತ್ತದೆ. ಆಗ ಸಮಾಲೋಚಕಿ ಯಾರ ಪರ? ವೃತ್ತಿಧರ್ಮದ ಪ್ರಕಾರ ಉತ್ತರ ಸ್ಪಷ್ಟ. ಎದುರಿಗೆ ಕುಳಿತಿರುವ ಆ ಹುಡುಗಿಯ ಜೀವ ಮತ್ತು ನೆಮ್ಮದಿಯ ಪರ. ಮನಸ್ಸು ತಿರುಗಿಸಿಕೊಡುವುದು ಆಕೆಯ ಕೆಲಸವಲ್ಲ. ತಂದೆತಾಯಿಯ ಅಳಲನ್ನೂ ಬೇರೆಯಾಗಿ ಕುಳ್ಳಿರಿಸಿ ಕೇಳಬಹುದು, ಕೇಳಬೇಕು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಗಾಗಿ ಕಲ್ಯಾಣದಲ್ಲಿ ಶರಣರು ಪ್ರಾಣ ಕೊಟ್ಟರು ಎಂದು ಪ್ರತಿವರ್ಷ ಸ್ಮರಿಸುವ ನಾವು, ನಮ್ಮ ಮನೆಯ ಮಗಳ ವಿಷಯ ಬಂದಾಗ ಆಪ್ತಸಮಾಲೋಚಕಿಯ ಕೈಯಲ್ಲಿ ಜಾತಿಯ ಕಾವಲು ಮಾಡಿಸಬಾರದು. ಸಂಸ್ಕೃತಿ ಅರಿತ ಸೇವೆ ಎಂದರೆ ಸಂಸ್ಕೃತಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಲ್ಲ.

ಗುಟ್ಟಿನ ವಿಷಯವೂ ಹೀಗೆಯೇ. ಗುಬ್ಬಿ, ಕುಣಿಗಲ್‌ನಂಥ ಊರುಗಳಲ್ಲಿ ಸಮಾಲೋಚಕಿ ಸಂತೆಯಲ್ಲೂ ಸಿಗುತ್ತಾಳೆ, ಮದುವೆಯಲ್ಲೂ ಪಕ್ಕದ ಪಂಕ್ತಿಯಲ್ಲಿ ಕುಳಿತಿರುತ್ತಾಳೆ. ಕೊಠಡಿಯಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕು. ಸಮಿತಿಯ ಅಧ್ಯಕ್ಷರು ಕೇಳಿದರೂ ಹೇಳುವಂತಿಲ್ಲ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಕಾಪಾಡಬಲ್ಲವರಿಗೆ ತಿಳಿಸಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಹೆಸರು ಕೆಡುತ್ತದೆ ಎಂದು ಯಾವ ಶಾಲೆಯೂ, ಯಾವ ಮಠವೂ ಮುಚ್ಚಿಡುವಂತಿಲ್ಲ. ಮುಚ್ಚಿಟ್ಟರೆ ಅದೇ ಅಪರಾಧ.

ಹಾಗಾದರೆ ಮಠಗಳು ಏನು ಮಾಡಬಹುದು? ನಾಲ್ಕು ಬಿನ್ನಹಗಳನ್ನು ಮುಂದಿಡುತ್ತೇನೆ.

ಒಂದು, ಪ್ರತಿಯೊಂದು ವಿದ್ಯಾರ್ಥಿನಿಲಯದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೊಠಡಿ ಬಿಟ್ಟುಕೊಡಿ. ಹತ್ತು ಹನ್ನೊಂದು ವರ್ಷಕ್ಕೆ ಮನೆ ಬಿಟ್ಟು ಬರುವ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಸಿಗುತ್ತಿದೆ. ರಾತ್ರಿ ಮನೆ ನೆನಪಾಗಿ ಅಳುವ ಮಗುವಿಗೆ ಕೇಳುವ ಕಿವಿಯೂ ಸಿಗಲಿ. ನಮ್ಮ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ತರಬೇತಿಯ ಜಾಗವಿಲ್ಲ.

ಎರಡು, ಅನುಭವಿಗಳ ಮೇಲ್ವಿಚಾರಣೆಗೆ ಖರ್ಚು ಮಾಡಿ. ಈಜು ಕಲಿಯುವವನಿಗೆ ದಡದಲ್ಲಿ ಒಬ್ಬರು ನಿಂತಿರಬೇಕು. ವಾರಕ್ಕೊಮ್ಮೆ ವಿದ್ಯಾರ್ಥಿಗಳು ತಾವು ಕೇಳಿದ್ದನ್ನು, ಹೆಸರು ಹೇಳದೆ, ಹಿರಿಯ ಸಮಾಲೋಚಕರ ಮುಂದಿಟ್ಟು ಚರ್ಚಿಸಬೇಕು. ಅನುಭವ ಮಂಟಪವೂ ಅವರವರು ಬದುಕಿದ್ದನ್ನು ಮುಂದಿಟ್ಟು, ಪ್ರಶ್ನಿಸಿ, ಪ್ರಶ್ನಿಸಿಕೊಂಡು ಬೆಳೆದದ್ದಲ್ಲವೇ?

ಮೂರು, ವಿದ್ಯಾರ್ಥಿವೇತನ. ತರಬೇತಿಗೆ ಬೆಂಗಳೂರಿಗೆ ಹೋಗಲು ಹೆಣ್ಣುಮಕ್ಕಳಿಗೆ ವಸತಿಯದೇ ಚಿಂತೆ. ಆ ಭಾರ ನಾವು ಹೊರೋಣ. ಜಾತಿ ನೋಡದೆ ಕೊಡೋಣ. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಬಂದ ಮಕ್ಕಳ ಜಾತಿ ಕೇಳದೆ ಅನ್ನವಿಟ್ಟ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕು, ವಾರ್ಡನ್‌ಗಳಿಗೆ, ಶಿಕ್ಷಕರಿಗೆ, ಮನೆಮನೆಗೆ ಭಿನ್ನಹಕ್ಕೆ ಹೋಗುವ ಜಂಗಮರಿಗೆ ಗುರುತಿಸುವ ತರಬೇತಿ ಕೊಡಿಸಿ. ಕೊಳವೆಬಾವಿ ಬತ್ತಿ ತೋಟ ಒಣಗಿ, ಸಾಲಗಾರರ ಮುಂದೆ ಮಾತು ನಿಲ್ಲಿಸಿದ ರೈತನನ್ನು ಮೊದಲು ನೋಡುವವರು ಅವರೇ. ಅವರು ಚಿಕಿತ್ಸೆ ಮಾಡಬೇಕಿಲ್ಲ. ಪಕ್ಕದಲ್ಲಿ ಕುಳಿತು, "ಸಾಯಬೇಕು ಅನ್ನಿಸುತ್ತಿದೆಯೇ?" ಎಂದು ನೇರವಾಗಿ ಕೇಳಲಿ. ಹಾಗೆ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳಿದಾಗ ಹೊರೆ ಇಳಿಯುತ್ತದೆ. ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಲಿ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಈ ಸಂಖ್ಯೆಯನ್ನು ಪ್ರತಿ ದಾಸೋಹ ಮಂದಿರದ ಗೋಡೆಯ ಮೇಲೆ ಬರೆಸಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ದೊಡ್ಡ ಊರಿಗೆ ಹೋಗಿ ಕಲಿಯಿರಿ, ಬೇಡವೆನ್ನುವುದಿಲ್ಲ. ಆದರೆ ಅಮೃತೂರಿನ, ಕಲ್ಲೂರಿನ, ಹಾಗಲವಾಡಿಯ ಜನ ತಮ್ಮ ಸಂಕಟವನ್ನು ಹೇಳುವ ಮಾತು ನಿಮಗೆ ಈಗಾಗಲೇ ಬರುತ್ತದೆ. ಆ ಮಾತು ಬರದ ತಜ್ಞರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಕಲಿತು ಮುಗಿಸಿ, ನೋಂದಣಿ ಮಾಡಿಸಿಕೊಂಡು, ಬಸ್ಸು ಹತ್ತಿ ವಾಪಸು ಬನ್ನಿ. ನಿಮಗಾಗಿ ಒಂದು ಕೊಠಡಿ, ಎರಡು ಕುರ್ಚಿ ಸಿದ್ಧವಾಗಿಡುವ ಹೊಣೆ ಇಲ್ಲಿ ಕುಳಿತಿರುವ ನಮ್ಮೆಲ್ಲರದು.