ಹಳೇ ಕೋಡ್‌ಗೆ ಕೈ ಹಾಕೋ ಮುಂಚೆ

ಹಗರಿಬೊಮ್ಮನಹಳ್ಳಿಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಬೆಂಗಳೂರಿನಲ್ಲಿ ಮೊದಲ ಕೆಲಸ, ಸೇರಿ ಐದು ತಿಂಗಳಾಗಿದೆ. ಸಿಕ್ಕಿದ್ದು ಮೇಂಟೆನೆನ್ಸ್ ಪ್ರಾಜೆಕ್ಟ್. ಅವರು ಒಂದನೇ ಕ್ಲಾಸಿನಲ್ಲಿದ್ದಾಗ ಯಾರೋ ಬರೆದಿಟ್ಟ ಜಾವಾ ಕೋಡ್. ಬರೆದವರು ಈಗ ಕಂಪನಿಯಲ್ಲಿಲ್ಲ. "ಜೊತೆಗೆ ಸೇರಿದವರೆಲ್ಲ ಎಐ ಅಂತಾರೆ, ನಾನು ಹಳೇ ಮನೆ ಸುಣ್ಣ ಬಳೀತಿದ್ದೀನಿ. ಬಿಟ್ಟುಬಿಡ್ಲಾ? ಇಲ್ಲ ಅಂದ್ರೆ ಓದೋಕೆ ಏನಾದ್ರೂ ಇದ್ಯಾ?" ಇದು ಪ್ರಶ್ನೆ.

ನಾನು ಬಿ.ಕಾಂ. ಮಾಡಿದವನು, ಎಂಜಿನಿಯರ್ ಅಲ್ಲ. ಆದರೆ ಪದವಿ ಮುಗಿದ ಮೇಲೆ ಕೊಟ್ಟೂರಿನ ಒಂದು ದಲಾಲಿ ಮಂಡಿಯಲ್ಲಿ ಲೆಕ್ಕ ಬರೀತಿದ್ದೆ. ಅಲ್ಲಿ ಫಾಕ್ಸ್‌ಪ್ರೋದಲ್ಲಿ ಬರೆದ ಹಳೇ ಪ್ರೋಗ್ರಾಂ ಒಂದಿತ್ತು. ಅದನ್ನ ಬದಲಾಯಿಸೋ ಹೊತ್ತಿಗೆ ಈ ಪುಸ್ತಕಗಳ ಪರಿಚಯ ಆಯ್ತು. ಹಾಗಾಗಿ ಇವತ್ತು ನನ್ನ ಲೆಕ್ಕದವರ ಭಾಷೆಯಲ್ಲೇ ಹೇಳ್ತೀನಿ.

ಮೊದಲು, ಕೋಡ್ ಹಳೇದಾಗೋದು ಅಂದ್ರೇನು? ನಮ್ಮ ಹರಪನಹಳ್ಳಿನೇ ನೋಡ್ರಿ. 1997ರವರೆಗೆ ಬಳ್ಳಾರಿ ಜಿಲ್ಲೆ. ಆ ವರ್ಷ ದಾವಣಗೆರೆ ಜಿಲ್ಲೆ ಆಯ್ತು, ತಾಲ್ಲೂಕು ಅಲ್ಲಿಗೆ ಹೋಯ್ತು. 2018ರಲ್ಲಿ 371(ಜೆ) ಸೌಲಭ್ಯಕ್ಕಾಗಿ ನಡೆದ ಹೋರಾಟದ ಫಲವಾಗಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರ್ತು. ಊರು ಮಾತ್ರ ಒಂದಡಿ ಜರುಗಿಲ್ಲ. ಪಿನ್ ಕೋಡ್ ಅಷ್ಟೂ ವರ್ಷ 583ರಿಂದಲೇ ಶುರು. "ಹರಪನಹಳ್ಳಿ ಅಂದ್ರೆ ಬಳ್ಳಾರಿ" ಅಂತ ಯಾರಾದರೂ 1996ರಲ್ಲಿ ಪ್ರೋಗ್ರಾಂ ಬರೆದಿದ್ದರೆ ಅವತ್ತು ಅದು ಸರಿನೇ. ಮರುವರ್ಷ ತಪ್ಪು. ಕೊಟ್ಟೂರು ಕೂಡ ಹಾಗೇ, ಮೊದಲು ಕೂಡ್ಲಿಗಿ ತಾಲ್ಲೂಕಿನ ಹೋಬಳಿ, ಈಗ ಸ್ವತಃ ತಾಲ್ಲೂಕು. ಅಂದ್ರೆ ಬರೆದವನು ದಡ್ಡ ಅಂತಲ್ಲ, ಸುತ್ತಲಿನ ಲೋಕ ಬದಲಾಯ್ತು. ಬಳಕೆಯಲ್ಲಿರೋ ಸಾಫ್ಟ್‌ವೇರನ್ನ ಬದಲಾಯಿಸ್ತಾ ಇರದಿದ್ದರೆ ಅದರ ಉಪಯೋಗ ಕಡಿಮೆ ಆಗ್ತಾ ಹೋಗುತ್ತೆ ಅಂತ ಮ್ಯಾನಿ ಲೇಮನ್ ಎಂಬ ವಿಜ್ಞಾನಿ 1970ರ ದಶಕದಲ್ಲೇ ಹೇಳಿದ್ದರು.

ಈಗ ಪುಸ್ತಕ. ಒಂದೇ ಓದ್ತೀನಿ ಅಂದ್ರೆ ಮೈಕೆಲ್ ಫೆದರ್ಸ್ 2004ರಲ್ಲಿ ಬರೆದ 'ವರ್ಕಿಂಗ್ ಇಫೆಕ್ಟಿವ್ಲಿ ವಿತ್ ಲೆಗಸಿ ಕೋಡ್' ಓದಿ. ಅವರ ಪ್ರಕಾರ ಲೆಗಸಿ ಕೋಡ್ ಅನ್ನೋದಕ್ಕೂ ವಯಸ್ಸಿಗೂ ಸಂಬಂಧ ಇಲ್ಲ. ಟೆಸ್ಟ್ ಇಲ್ಲದ ಕೋಡ್ ಎಲ್ಲಾ ಲೆಗಸಿನೇ, ನಿನ್ನೆ ಬರೆದದ್ದಾದರೂ ಸರಿ. ಮೊದಲು ಓದಿದಾಗ ಇದು ಅತಿ ಅನ್ನಿಸ್ತು. ಮಂಡಿಯಲ್ಲಿ ಅರ್ಥ ಆಯ್ತು.

ಅವರು ಹೇಳೋ ಮುಖ್ಯ ಉಪಾಯ ಇಷ್ಟೇ: ಕೋಡ್ ಏನು ಮಾಡಬೇಕು ಅಂತ ಆಮೇಲೆ ಯೋಚಿಸಿ, ಈಗ ಏನು ಮಾಡ್ತಿದೆ ಅಂತ ಮೊದಲು ದಾಖಲೆ ಮಾಡಿ. ನಾವು ಹಳೇ ಪಟ್ಟಿಗಳನ್ನ ತೆಗೆದ್ವಿ. ಶೇಂಗಾ, ಮೆಕ್ಕೆಜೋಳ, ಈರುಳ್ಳಿ, ತೂಕ, ಹಮಾಲಿ, ಮುಂಗಡದ ಬಡ್ಡಿ. ಹಳೇ ಪ್ರೋಗ್ರಾಂ ಕೊಟ್ಟ ಮೊತ್ತವನ್ನ, ಸರಿಯೋ ತಪ್ಪೋ, ಹಾಗೇ ಬರೆದಿಟ್ಕೊಂಡ್ವಿ. ಹೊಸ ಪ್ರೋಗ್ರಾಂಗೂ ಅದೇ ಪಟ್ಟಿ ಕೊಟ್ಟು ತಾಳೆ ನೋಡಿದ್ವಿ. ಕೆಲವು ಕಡೆ ಒಂದೆರಡು ರೂಪಾಯಿ ವ್ಯತ್ಯಾಸ. ಹಳೇದು ಪ್ರತಿ ಸಾಲಿನಲ್ಲೂ ಪೈಸೆ ಬಿಡ್ತಿತ್ತು, ಹೊಸದು ಕೊನೇ ಮೊತ್ತದಲ್ಲಿ ಮಾತ್ರ. ಇದು ಸಣ್ಣದು.

ದೊಡ್ಡದು ಬೇರೆ ಇತ್ತು. ನಲವತ್ತಕ್ಕೂ ಹೆಚ್ಚು ಖಾತೆಗಳಲ್ಲಿ ಹೊಸ ಪ್ರೋಗ್ರಾಂ ಬಡ್ಡಿ ತೋರಿಸ್ತಿತ್ತು, ಹಳೇದರಲ್ಲಿ ಸೊನ್ನೆ. ಹುಡುಕಿದರೆ ಹಳೇ ಕೋಡ್‌ನಲ್ಲಿ ಒಂದು ಸಾಲು: ಖಾತೆ ಸಂಖ್ಯೆ 7ರಿಂದ ಶುರುವಾದರೆ ಬಡ್ಡಿ ಹಾಕಬೇಡ. ಯಾಕೆ ಅಂತ ಬರೆದಿಲ್ಲ. ಹೊಸದು ಬರೀತಿದ್ದ ಹುಡುಗ ಇದು ಬಗ್ ಅಂತಲೇ ತಿಳ್ಕೊಂಡು ಬಿಟ್ಟಿದ್ದ. ಅವನಿಗೇನು ಗೊತ್ತು ಪಾಪ. ಮಂಡಿಯ ಹಳೇ ಗುಮಾಸ್ತರನ್ನ ಕೇಳಿದ್ವಿ. "ಅವು ಬರದ ವರ್ಷದ ಖಾತೆ ತಮ್ಮಾ. 2002–03ರಾಗ ಸಾಹುಕಾರ್ರು ಬಡ್ಡಿ ಬ್ಯಾಡ ಅಂದಿದ್ರು, ಅಸಲು ಕೊಟ್ರ ಸಾಕು ಅಂತ" ಅಂದರು. ಆ ಮಾತು ಯಾವ ಕಾಗದದಲ್ಲೂ ಇರಲಿಲ್ಲ. ಸಾಹುಕಾರರು ತೀರಿಕೊಂಡಿದ್ದರು, ಮಗ ವ್ಯಾಪಾರ ನೋಡ್ಕೋತಿದ್ದ. ಕೊಟ್ಟ ಮಾತು ಉಳಿದಿದ್ದು ಆ ಒಂದು ಸಾಲಿನಲ್ಲಿ ಮತ್ತು ಗುಮಾಸ್ತರ ತಲೆಯಲ್ಲಿ. ತಾಳೆ ನೋಡದೆ ಹೊಸದಕ್ಕೆ ಹೋಗಿದ್ದರೆ ಹದಿನೈದು ವರ್ಷದ ಬಡ್ಡಿ ಆ ರೈತರ ಮೇಲೆ ಬೀಳ್ತಿತ್ತು, ಅದೂ ಕಂಪ್ಯೂಟರ್ ಹೇಳಿದ್ದು ಅಂತ.

ಫೆದರ್ಸ್ ಪುಸ್ತಕದ ಇನ್ನೊಂದು ಮಾತು 'ಸೀಮ್', ಹೊಲಿಗೆ. ಟೈಲರ್ ಹಳೇ ಅಂಗಿ ಸಡಿಲ ಮಾಡುವಾಗ ಬಟ್ಟೆ ಕತ್ತರಿಸಲ್ಲ, ಹೊಲಿಗೆ ಬಿಚ್ಚುತ್ತಾನೆ. ಕೋಡ್‌ನಲ್ಲೂ ಅಂಥ ಜಾಗ ಹುಡುಕಿ ಅಲ್ಲಿಂದ ಟೆಸ್ಟ್ ಒಳಗೆ ತೂರಿಸಬೇಕು. ಪುಸ್ತಕದ ಉದಾಹರಣೆಗಳು ಸಿ++, ಜಾವಾ, ಸ್ವಲ್ಪ ಒಣ. ಮೊದಲಿನಿಂದ ಕೊನೇತನಕ ಓದಬೇಡಿ. ಅಧ್ಯಾಯಗಳ ಹೆಸರೇ ಕಷ್ಟ ಹೇಳಿಕೊಂಡ ಹಾಗಿವೆ, ನಿಮ್ಮ ಕಷ್ಟ ಯಾವುದೋ ಅಲ್ಲಿಂದ ಶುರು ಮಾಡಿ.

ಎಲ್ಲರೂ ಮೊದಲು ಹೇಳೋದು ಮಾರ್ಟಿನ್ ಫೌಲರ್ ಅವರ 'ರಿಫ್ಯಾಕ್ಟರಿಂಗ್'. 1999ರದ್ದು, 2018ರಲ್ಲಿ ಎರಡನೇ ಆವೃತ್ತಿ ಬಂತು, ಉದಾಹರಣೆಗಳು ಜಾವಾದಿಂದ ಜಾವಾಸ್ಕ್ರಿಪ್ಟ್‌ಗೆ ಬದಲಾದವು. ಹೊರಗಿನ ನಡತೆ ಬದಲಾಗದ ಹಾಗೆ ಒಳಗಿನ ಜೋಡಣೆಯನ್ನ ಸಣ್ಣ ಸಣ್ಣ ಹೆಜ್ಜೆಯಲ್ಲಿ ಸರಿ ಮಾಡೋದು. ಒಳ್ಳೇ ಪುಸ್ತಕ, ಆದರೆ ಟೆಸ್ಟ್ ಇದ್ದವರಿಗೆ. ನಿಮಗೆ ಅದಿಲ್ಲ, ಹಾಗಾಗಿ ನನ್ನ ಕೇಳಿದರೆ ಇದು ಎರಡನೇದು.

ನಿಮ್ಮ ಮ್ಯಾನೇಜರ್ ಒಂದು ದಿನ "ಎಲ್ಲಾ ಕಿತ್ತಾಕಿ ಹೊಸದಾಗಿ ಬರೆಯೋಣ" ಅಂತಾರೆ, ನೋಡ್ತಿರಿ. ಆಗ ನೆಟ್‌ಸ್ಕೇಪ್ ಕಥೆ ಹೇಳಿ. 1997ರಲ್ಲಿ ನಾಲ್ಕನೇ ಆವೃತ್ತಿ ಬಂತು, ಐದು ಬರಲೇ ಇಲ್ಲ, ಆರು ಬರೋ ಹೊತ್ತಿಗೆ 2000ದ ಕೊನೆ. ಅಷ್ಟರಲ್ಲಿ ಮೈಕ್ರೋಸಾಫ್ಟ್ ಮಾರುಕಟ್ಟೆ ಹಿಡಿದಾಗಿತ್ತು. ಫೌಲರ್ 2004ರಲ್ಲಿ ಬೇರೆ ದಾರಿ ಬರೆದರು. ಆಸ್ಟ್ರೇಲಿಯಾದ ಕಾಡಿನಲ್ಲಿ ಅತ್ತಿ ಜಾತಿಯ ಮರ ಬೇರೆ ಮರದ ಮೇಲೆ ಹುಟ್ಟಿ, ಬೇರು ಇಳಿಸಿ, ನಿಧಾನಕ್ಕೆ ಅದರ ಜಾಗ ಹಿಡಿಯೋದನ್ನ ಅವರು ನೋಡಿದ್ದರು. ನಮ್ಮಲ್ಲಿ ಬೇವಿನ ಕವಲಲ್ಲಿ ಅರಳಿ ಹುಟ್ಟಲ್ವಾ, ಅದೇ. ಮಂಡಿಯಲ್ಲೂ ಮೊದಲು ತೂಕದ ಚೀಟಿ ಮಾತ್ರ ಹೊಸದಕ್ಕೆ ಹೋಯ್ತು. ಬಡ್ಡಿ ಲೆಕ್ಕ ಕೊನೇದು. ಒಂದು ಸುಗ್ಗಿ ಪೂರ್ತಿ ಎರಡೂ ಜೊತೆಗೆ ಓಡಿದವು, ನಮಗೆ ಎರಡು ಪಟ್ಟು ಕೆಲಸ. ಆ ಸುಗ್ಗಿಯಲ್ಲಿ ರಾತ್ರಿ ಊಟ ಹನ್ನೊಂದಕ್ಕೆ.

ಆಮೇಲೆ ಓದೋಕೆ ಮರಿಯಾನ್ ಬೆಲ್ಲೊಟ್ಟಿ ಅವರ 2021ರ 'ಕಿಲ್ ಇಟ್ ವಿತ್ ಫೈರ್' ಇದೆ. ಹೆಸರು ಸುಟ್ಟುಹಾಕು ಅನ್ನುತ್ತೆ, ಒಳಗೆ ಹೇಳೋದು ಪೂರ್ತಿ ಉಲ್ಟಾ.

ಬಿಡಬೇಕಾ ಅಂತ ಕೇಳಿದ್ದಿರಿ. ಸಂಬಳ ಸರಿಯಾಗಿ ಬರ್ತಿದ್ದರೆ ಒಂದು ವರ್ಷ ಇರಿ. ನಿಮ್ಮ ಕಂಪನಿಯಲ್ಲೂ ಒಬ್ಬ ಗುಮಾಸ್ತರು ಇದ್ದೇ ಇರ್ತಾರೆ, ಸಪೋರ್ಟ್‌ನಲ್ಲೋ ಅಕೌಂಟ್ಸ್‌ನಲ್ಲೋ. ಅವರು ರಿಟೈರ್ ಆಗೋದಕ್ಕೆ ಮುಂಚೆ ಜೊತೆಗೆ ಕೂತು ಟೀ ಕುಡೀರಿ, ಅರ್ಥವಾಗದ ಸಾಲುಗಳನ್ನ ಒಂದೊಂದಾಗಿ ಕೇಳಿ, ಉತ್ತರವನ್ನ ಕೋಡ್ ಪಕ್ಕದಲ್ಲೇ ಕಾಮೆಂಟ್ ಆಗಿ ಬರೀರಿ.

ಕೂಡ್ಲಿಗಿ, ಹಡಗಲಿ ಕಡೆ ನಿಮ್ಮ ಅಂಗಡಿ, ಸೊಸೈಟಿಗಳಲ್ಲಿ ಇಂಥ ಹಳೇ ಪ್ರೋಗ್ರಾಂ ಇನ್ನೂ ಓಡ್ತಿದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ.