ತಾಗಿದರೆ ಒಂದು ಪಾಯಿಂಟ್

(ಕ್ರೀಡೆ ಮತ್ತು ಸಂಸ್ಕೃತಿ ಕುರಿತ ಕಾರ್ಯಕ್ರಮವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಕುಂಗ್‌ಫು ಎಂದೊಡನೆ ನಮ್ಮಲ್ಲಿ ಬಹುಪಾಲು ಮಂದಿಗೆ ನೆನಪಾಗುವುದು ಸಿನಿಮಾ. ಬ್ರೂಸ್ ಲೀ ಒಂಟಿಯಾಗಿ ನಿಂತು ಹತ್ತಾರು ಜನರನ್ನು ಮಲಗಿಸುವ ದೃಶ್ಯ. ನಾನು ಇಂದು ಹೇಳಹೊರಟಿರುವುದು ಅಂಥ ಹೊಡೆದಾಟದ ವಿಷಯವಲ್ಲ. ಇಲ್ಲಿ ಎದುರಾಳಿ ಒಬ್ಬನೇ. ಕಣದ ಮೂಲೆಗಳಲ್ಲಿ ತೀರ್ಪುಗಾರರು, ನಡುವೆ ಒಬ್ಬ ರೆಫರಿ, ಎರಡು ಮೂರು ನಿಮಿಷಗಳ ಅವಧಿ. ಮುಷ್ಟಿಯೋ ಕಾಲೋ ಎದುರಾಳಿಯ ಮೈಗೆ ತಾಗಿತೆಂದು ಕಂಡೊಡನೆ ರೆಫರಿ ಆಟ ನಿಲ್ಲಿಸುತ್ತಾನೆ. ತೀರ್ಪುಗಾರರಲ್ಲಿ ಹೆಚ್ಚಿನವರು ‘ಹೌದು, ತಾಗಿತು’ ಎಂದು ಕೈಯೆತ್ತಿದರೆ ಪಾಯಿಂಟ್ ಸಿಕ್ಕಿತು. ಇಬ್ಬರೂ ಮರಳಿ ಗೆರೆಯ ಬಳಿ ಬಂದು ನಿಲ್ಲಬೇಕು, ಹೊಸದಾಗಿ ಶುರು ಮಾಡಬೇಕು. ಇದೇ ಪಾಯಿಂಟ್ ಸ್ಪಾರಿಂಗ್.

ಕಬಡ್ಡಿ ಬಲ್ಲವರಿಗೆ ಒಂದು ಹೋಲಿಕೆ ಕೊಡುತ್ತೇನೆ. ರೈಡರ್ ಎದುರು ಪಾಳೆಯದವನನ್ನು ಮುಟ್ಟಿದ ಕ್ಷಣದಲ್ಲೇ ಸೀಟಿ ಊದಿ ಆಟ ನಿಲ್ಲಿಸಿಬಿಟ್ಟರೆ ಏನಾದೀತು? ಮುಟ್ಟುವ ಚುರುಕಿಗೆ ಬೆಲೆ ಬಂದೀತು. ಕಾಲು ಹಿಡಿದು ಕೆಡವುವವನ ವಿದ್ಯೆ ಮನೆಯಲ್ಲೇ ಉಳಿದೀತು. ಪಾಯಿಂಟ್ ಕಣಕ್ಕೆ ಇಳಿದ ಕುಂಗ್‌ಫು ಪಟುವಿನ ಪಾಡು ಹೆಚ್ಚುಕಡಿಮೆ ಇದೇ.

ಏಕೆಂದರೆ ಈ ನಿಯಮ ಹುಟ್ಟಿದ್ದು ಚೀನಾದಲ್ಲಲ್ಲ, ಜಪಾನಿನ ಕರಾಟೆಯಲ್ಲಿ. ಒಂದೇ ಏಟಿಗೆ ಎದುರಾಳಿಯ ಕಥೆ ಮುಗಿಯಬೇಕೆಂಬುದು ಆ ವಿದ್ಯೆಯ ಹಳೆಯ ಆದರ್ಶ. ನಿಜವಾಗಿ ಹೊಡೆದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಮೈ ಮುಟ್ಟುವ ಮುನ್ನವೇ ಮುಷ್ಟಿಯನ್ನು ತಡೆದು ನಿಲ್ಲಿಸಬೇಕು. ನಿಲುವು, ಅಂತರ, ಸಮಯ ಎಲ್ಲವೂ ಸರಿಯಿದ್ದು, ‘ಇದು ಬಿದ್ದಿದ್ದರೆ ಆತ ಉಳಿಯುತ್ತಿರಲಿಲ್ಲ’ ಎಂದು ತೀರ್ಪುಗಾರನಿಗೆ ಅನ್ನಿಸಿದರೆ ‘ಇಪ್ಪೋನ್’, ಅಂದರೆ ಪೂರ್ಣ ಪಾಯಿಂಟ್. ಜಪಾನ್ ಕರಾಟೆ ಅಸೋಸಿಯೇಷನ್ 1957ರಲ್ಲಿ ಮೊದಲ ಅಖಿಲ ಜಪಾನ್ ಪಂದ್ಯಾವಳಿ ನಡೆಸಿತು. ಕರಾಟೆಯನ್ನು ಒಕಿನಾವಾದಿಂದ ಜಪಾನಿಗೆ ತಂದ ಹಿರಿಯರಲ್ಲಿ ಪ್ರಮುಖರಾದ ಗಿಚಿನ್ ಫುನಾಕೋಶಿ ತೀರಿಕೊಂಡದ್ದು ಅದೇ ವರ್ಷ. ಅವರಿಗೆ ಪಂದ್ಯಗಳೆಂದರೆ ಒಲವಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಈ ಪದ್ಧತಿ ಅಮೆರಿಕಕ್ಕೆ ಹೋದ ಮೇಲೆ ಸ್ವರೂಪ ಬದಲಾಯಿತು. ಒಂದೇ ಏಟಿನ ಗಾಂಭೀರ್ಯ ಹೋಗಿ ಹಲವು ಪಾಯಿಂಟ್‌ಗಳ ಓಟ ಬಂತು. ಕ್ಯಾಲಿಫೋರ್ನಿಯಾದ ಲಾಂಗ್‌ಬೀಚ್ ನಗರದಲ್ಲಿ ಎಡ್ ಪಾರ್ಕರ್ 1964ರಲ್ಲಿ ಆರಂಭಿಸಿದ ಅಂತರರಾಷ್ಟ್ರೀಯ ಕರಾಟೆ ಪಂದ್ಯಾವಳಿ ಈ ಪರಂಪರೆಯ ದೊಡ್ಡ ಜಾತ್ರೆಯಾಯಿತು. ಚಕ್ ನೋರಿಸ್, ಜೋ ಲೂಯಿಸ್ ಹೆಸರು ಮಾಡಿದ್ದು ಇಂಥ ಕಣಗಳಲ್ಲೇ. ಮೊದಲ ವರ್ಷವೇ ಅಲ್ಲಿ ಬ್ರೂಸ್ ಲೀ ಎಂಬ ತರುಣ ಒಂದು ಅಂಗುಲ ದೂರದಿಂದ ಗುದ್ದು ಕೊಟ್ಟು ಎದುರಿಗಿದ್ದವನನ್ನು ಹಿಂದಕ್ಕೆ ಚಿಮ್ಮಿಸಿ ತೋರಿಸಿದ. ಅವನು ಬಂದದ್ದು ಪ್ರದರ್ಶನಕ್ಕೆ, ಸ್ಪರ್ಧೆಗಲ್ಲ. ಪಾಯಿಂಟ್ ಸ್ಪಾರಿಂಗ್ ಅವನಿಗೆ ಹಿಡಿಸಿದ್ದೇ ಇಲ್ಲ. ಹಾಗೆಂದು ನಿಯಮಬದ್ಧ ಪಂದ್ಯವನ್ನೇ ಆತ ಕಾಣದವನಲ್ಲ. 1958ರಲ್ಲಿ ಹಾಂಗ್‌ಕಾಂಗ್‌ನ ಅಂತರಶಾಲಾ ಬಾಕ್ಸಿಂಗ್ ಪಂದ್ಯದಲ್ಲಿ ಗವಸು ತೊಟ್ಟು ಗೆದ್ದಿದ್ದ. ಆಗ ಅವನು ಕಲಿಯುತ್ತಿದ್ದದ್ದು ವಿಂಗ್ ಚುನ್ ಎಂಬ ಕುಂಗ್‌ಫು ಶೈಲಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕರಾಟೆಯವರು ಕಟ್ಟಿದ ಕಣದಲ್ಲಿ ಕುಂಗ್‌ಫುವಿಗೆ ತೊಡಕಾದದ್ದು ಏನು?

ವಿಂಗ್ ಚುನ್ ಕಲಿಯುವವನು ವರ್ಷಗಟ್ಟಲೆ ‘ಚಿ ಸಾವೊ’ ಎಂಬ ಅಭ್ಯಾಸ ಮಾಡುತ್ತಾನೆ. ಇಬ್ಬರ ಮುಂಗೈಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಎದುರಾಳಿ ಎತ್ತ ಒತ್ತುತ್ತಾನೆ, ಎಲ್ಲಿ ಸಡಿಲಿಸುತ್ತಾನೆ ಎಂಬುದನ್ನು ಕಣ್ಣಿನಿಂದಲ್ಲ, ಚರ್ಮದಿಂದ ತಿಳಿಯಬೇಕು. ಅಂದರೆ ಕೈಗೆ ಕೈ ಸೋಕಿದ ಮೇಲೆ ಅವನ ವಿದ್ಯೆ ಆರಂಭ. ಪಾಯಿಂಟ್ ಕಣದಲ್ಲಾದರೋ ಸೋಕುವುದೇ ಅಂತ್ಯ! ಮ್ಯಾಂಟಿಸ್ ಶೈಲಿಯವನು ಎದುರಾಳಿಯ ಮಣಿಕಟ್ಟನ್ನು ಕೊಕ್ಕೆಯಂತೆ ಹಿಡಿದು ಎಳೆದು, ಆ ಎಳೆತದಲ್ಲೇ ಹೊಡೆಯುತ್ತಾನೆ. ಹಿಡಿದು ಎಳೆಯಲು ಅಲ್ಲಿ ಅವಕಾಶ ಕಡಿಮೆ. ಚಾಯ್ ಲೀ ಫಟ್ ಶೈಲಿಯಲ್ಲಿ ತೋಳು ದೊಡ್ಡ ವೃತ್ತದಲ್ಲಿ ಬೀಸಿ ಬರುತ್ತದೆ. ಪೂರ್ಣ ಬಲದಿಂದ ಬಿದ್ದರೆ ಅದು ಭಯಂಕರ. ಅರ್ಧಕ್ಕೆ ತಡೆದು ಮೆಲ್ಲಗೆ ತಾಗಿಸಿದರೆ ಬೆನ್ನು ಸವರಿದಂತೆ ಕಾಣುತ್ತದೆ.

ಇದರ ಜತೆಗೆ ತೀರ್ಪುಗಾರನ ಕಣ್ಣು. ಕರಾಟೆಯಲ್ಲಿ ಪಳಗಿದವನಿಗೆ ನೇರ ಗೆರೆಯಲ್ಲಿ ಬಂದು ನಿಲ್ಲುವ ಮುಷ್ಟಿ ಚೆನ್ನಾಗಿ ಕಾಣುತ್ತದೆ. ಓರೆಯಾಗಿ, ಕೆಳಗಿನಿಂದ, ತೆರೆದ ಅಂಗೈಯಿಂದ ಬರುವ ಏಟು ಸುಲಭವಾಗಿ ಕಣ್ತಪ್ಪುತ್ತದೆ. ಇದರಲ್ಲಿ ಪಕ್ಷಪಾತವನ್ನೇ ಹುಡುಕಬೇಕಾಗಿಲ್ಲ. ಹಿಂದೂಸ್ತಾನಿ ಕೇಳಿ ಬೆಳೆದ ಕಿವಿಗೆ ಕರ್ನಾಟಕ ಸಂಗೀತದ ಗಮಕ ಒಮ್ಮೆಲೇ ಹಿಡಿತಕ್ಕೆ ಸಿಗದಂತೆ, ಅಷ್ಟೆ. ಆದರೆ ಸೋತವನಿಗೆ ಈ ವಿವರಣೆಯಿಂದ ಸಮಾಧಾನವಾಗುವುದಿಲ್ಲ.

ಇಂಥ ಕಣದಲ್ಲಿ ಕುಂಗ್‌ಫು ಹೆಸರಿನಲ್ಲೇ ನಿಂತು ಗೆದ್ದವರೂ ಇದ್ದಾರೆ. ಆಲ್ ಡಕಾಸ್ಕೋಸ್ ಅಂಥವರಲ್ಲೊಬ್ಬರು. ಹುಟ್ಟಿದ್ದು 1942ರಲ್ಲಿ, ಹವಾಯಿಯಲ್ಲಿ. ಅಲ್ಲಿ ಕಾಜುಕೆಂಬೊ ಎಂಬ ಮಿಶ್ರ ವಿದ್ಯೆಯೊಂದು 1940ರ ದಶಕದ ಕೊನೆಯಲ್ಲಿ ರೂಪುಗೊಂಡಿತ್ತು. ಹೊನೊಲುಲುವಿನ ಪಲಾಮಾ ಎಂಬ ಬಡವರ ಬಡಾವಣೆಯಲ್ಲಿ ಐವರು ತರುಣರು ಕೂಡಿ ಕಟ್ಟಿದ ವಿದ್ಯೆ ಅದು. ಕರಾಟೆ, ಜೂಡೊ, ಜುಜುತ್ಸು, ಕೆಂಪೊ, ಚೀನೀ ಬಾಕ್ಸಿಂಗ್ ಇವುಗಳ ಮೊದಲ ಅಕ್ಷರಗಳನ್ನು ಜೋಡಿಸಿದರೆ ಅದರ ಹೆಸರು. ಡಕಾಸ್ಕೋಸ್ ಇದರಲ್ಲಿ ಬೆಳೆದು, ಚೀನೀ ಶೈಲಿಗಳತ್ತ ಹೊರಳಿ, 1969ರಲ್ಲಿ ‘ವುನ್ ಹಾಪ್ ಕ್ಯುನ್ ಡೊ’ ಎಂಬ ತಮ್ಮದೇ ಪದ್ಧತಿ ರೂಪಿಸಿದರು. ‘ಹಲವನ್ನು ಕೂಡಿಸಿದ ಮುಷ್ಟಿಯ ಮಾರ್ಗ’ ಎಂದು ಅದರ ಅರ್ಥ. ಆ ವರ್ಷಗಳಲ್ಲಿ ಅಮೆರಿಕದ ಕರಾಟೆ ಪಂದ್ಯಾವಳಿಗಳಲ್ಲಿ ಅವರು ಹೆಸರಾಂತ ಸ್ಪರ್ಧಿ. ಅವರ ಆಗಿನ ಪತ್ನಿ ಮಾಲಿಯಾ ಕೂಡ ಮಹಿಳಾ ವಿಭಾಗದಲ್ಲಿ ಹೆಸರು ಮಾಡಿದವರು. ಇಂದಿನ ಸಿನಿಮಾ ಪ್ರಿಯರಿಗೆ ಪರಿಚಿತನಾದ ನಟ ಮಾರ್ಕ್ ಡಕಾಸ್ಕೋಸ್ ಅವರ ಮಗ.

ಡಕಾಸ್ಕೋಸ್ ಉದಾಹರಣೆಯನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅವರ ಬೇರಿನಲ್ಲೇ ಕರಾಟೆ ಇತ್ತು. ತೀರ್ಪುಗಾರ ಏನನ್ನು ನೋಡುತ್ತಾನೆಂಬುದು ಅಂಥವರಿಗೆ ಮೊದಲೇ ಗೊತ್ತು. ಒಂದೇ ಶೈಲಿಯನ್ನು ಗುರುವಿನ ಅಂಗಳದಲ್ಲಿ ಮಡಿಯಿಂದ ಕಲಿತು ಬಂದವನಿಗೆ ಆ ಅನುಕೂಲವಿಲ್ಲ. ಅವನು ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬೇಕು. ತನ್ನ ಶೈಲಿಯಂತೆಯೇ ಆಡಿ ಸೋಲಬೇಕು, ಇಲ್ಲವೇ ಪಕ್ಕಕ್ಕೆ ತಿರುಗಿ ನಿಂತು, ಮುಂಗಾಲಿನಿಂದ ಒದ್ದು, ಒಂದೇ ನೆಗೆತಕ್ಕೆ ಮುಷ್ಟಿ ತಾಗಿಸಿ ಓಡುವುದನ್ನು ಕಲಿಯಬೇಕು. ಕಲಿತವರು ಗೆದ್ದರು. ಆದರೆ ಆ ಹೊತ್ತಿಗೆ ಕರಾಟೆಯವನು, ಟೇಕ್ವಾಂಡೋದವನು, ಕುಂಗ್‌ಫುವಿನವನು ಎಲ್ಲರೂ ಒಂದೇ ರೀತಿ ಕುಣಿಯತೊಡಗಿದ್ದರು. ಉಡುಪು ನೋಡಿಯೇ ಯಾರು ಯಾವ ಶಾಲೆಯವರೆಂದು ತಿಳಿಯಬೇಕಾಯಿತು.

ಹಾಗಾದರೆ ಪಾಯಿಂಟ್ ಪದ್ಧತಿ ಬರೀ ಬೂಟಾಟಿಕೆಯೆ? ಹಾಗೆನ್ನುವವರು ಬಹಳ ಮಂದಿ ಇದ್ದಾರೆ. ಅವರು ಚೀನಾದ ಚರಿತ್ರೆಯನ್ನೇ ಒಮ್ಮೆ ನೋಡಬೇಕು. 1928ರಲ್ಲಿ ನಾನ್‌ಜಿಂಗ್‌ನಲ್ಲಿ ರಾಷ್ಟ್ರೀಯ ಯುದ್ಧವಿದ್ಯಾ ಪರೀಕ್ಷೆ ನಡೆಯಿತು. ಎತ್ತರದ ಜಗಲಿಯ ಮೇಲೆ ನಿಜವಾದ ಕಾದಾಟ. ಗಾಯಗೊಂಡವರ ಸಂಖ್ಯೆ ಎಷ್ಟಾಯಿತೆಂದರೆ ಕೊನೆಯ ಸುತ್ತುಗಳನ್ನು ಆಡಿಸದೆ ನಿಲ್ಲಿಸಬೇಕಾಯಿತು. ಇನ್ನೊಂದು ತುದಿ ನೋಡಿ: 1954ರ ಜನವರಿಯಲ್ಲಿ ಮಕಾವೊದಲ್ಲಿ ತಾಯ್ ಚಿ ಗುರು ವೂ ಗೊಂಗ್‌ಯಿ ಮತ್ತು ಬಿಳಿ ಕೊಕ್ಕರೆ ಶೈಲಿಯ ಚಾನ್ ಹಾಕ್ ಫು ಎದುರಾದರು. ಹಾಂಗ್‌ಕಾಂಗ್‌ನ ಶೆಕ್ ಕಿಪ್ ಮೇಯಿ ಬೆಂಕಿ ಅನಾಹುತದ ಸಂತ್ರಸ್ತರಿಗೆ ನೆರವು ಕೂಡಿಸಲು ನಡೆದ ಪಂದ್ಯ. ಎರಡು ಸುತ್ತಿನಲ್ಲೇ ನಿಂತಿತು, ಗೆದ್ದವರು ಯಾರೂ ಇಲ್ಲ. ಆದರೆ ಜನರ ಕುತೂಹಲ ಎಷ್ಟಿತ್ತೆಂದರೆ, ಹಾಂಗ್‌ಕಾಂಗ್‌ನ ಪತ್ರಿಕೆಯೊಂದು ಕೆಲವೇ ದಿನಗಳಲ್ಲಿ ಲಿಯಾಂಗ್ ಯೂಶೆಂಗ್ ಅವರಿಂದ ಕತ್ತಿವರಸೆಯ ಧಾರಾವಾಹಿ ಬರೆಸಿತು. ಹೊಸ ಮಾದರಿಯ ಚೀನೀ ವೀರಕಾದಂಬರಿಗಳ ಯುಗ ಶುರುವಾದದ್ದು ಅಲ್ಲಿಂದ. ಪತ್ರಿಕೆಯವನಾದ ನನಗೆ ಈ ಪ್ರಸಂಗ ವಿಶೇಷ ಖುಷಿ ಕೊಡುತ್ತದೆ ಎಂಬುದನ್ನು ಮುಚ್ಚಿಡಲಾರೆ.

ನಿಜದ ಹೊಡೆದಾಟದಲ್ಲಿ ಆಟಗಾರನೇ ಉಳಿಯುವುದಿಲ್ಲ, ಪಾಯಿಂಟ್ ಆಟದಲ್ಲಿ ವಿದ್ಯೆ ಉಳಿಯುವುದಿಲ್ಲ: ಇದು ಇಕ್ಕಟ್ಟು. ಆದರೂ ನನ್ನ ಒಲವು ಸ್ವಲ್ಪ ಪಾಯಿಂಟ್ ಕಡೆಗೇ. ಭಾನುವಾರ ಸ್ಪರ್ಧಿಸಿ ಸೋಮವಾರ ಕೆಲಸಕ್ಕೆ ಹೋಗಬೇಕಾದವನಿಗೆ ಇಂಥದೊಂದು ಕಣ ಬೇಕು. ಎದುರಾಳಿ ನಿಜವಾಗಿ ಮೇಲೇರಿ ಬರುವಾಗ ಅಂತರ ಅಳೆಯುವುದನ್ನು, ಹೆದರಿಕೆ ನುಂಗುವುದನ್ನು ಒಬ್ಬನೇ ಗಾಳಿಯಲ್ಲಿ ಕೈ ಬೀಸಿ ಕಲಿಯಲಾಗದು. 1970ರ ದಶಕದಲ್ಲಿ ಜೂನ್ ರೀ ಬಳಕೆಗೆ ತಂದ ಸ್ಪಂಜಿನ ಗವಸುಗಳು ಬಂದ ಮೇಲಂತೂ ಹೆಚ್ಚು ಜನ ಧೈರ್ಯವಾಗಿ ಕಣಕ್ಕಿಳಿದರು. ಬಲವಾಗಿ ಹೊಡೆಯಬೇಕೆಂದವರು 1974ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೂರ್ಣ ಸಂಪರ್ಕದ ಕರಾಟೆ ಆರಂಭಿಸಿ ಬೇರೆ ದಾರಿ ಹಿಡಿದರು.

ಚೀನಾ ತನ್ನದೇ ಉತ್ತರ ಹುಡುಕಿತು. 1979ರಿಂದ ಪ್ರಯೋಗ ನಡೆಸಿ ‘ಸಾಂಡಾ’ ಎಂಬ ಸ್ಪರ್ಧೆಯನ್ನು ರೂಪಿಸಿತು. ಇಲ್ಲೂ ಪಾಯಿಂಟ್ ಇದೆ, ಆದರೆ ತಾಗಿದ ಕೂಡಲೇ ಆಟ ನಿಲ್ಲುವುದಿಲ್ಲ. ಎಂಟು ಮೀಟರ್ ಚದರದ ಜಗಲಿ. ಎರಡೆರಡು ನಿಮಿಷದ ಸುತ್ತು. ಮುಷ್ಟಿಯ ಏಟಿಗೆ ಒಂದು, ಮೈಗೆ ಬಿದ್ದ ಒದೆತಕ್ಕೆ ಎರಡು. ತಾನು ನಿಂತಿದ್ದು ಎದುರಾಳಿಯನ್ನು ಕೆಡವಿದರೆ ಅದಕ್ಕೂ ಎರಡು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಇದು ಸೇರಿತು. ನಮ್ಮ ದೇಶಕ್ಕೆ ಇದರಲ್ಲಿ ಪದಕ ತಂದವರಲ್ಲಿ ಮಣಿಪುರದ ಹೆಣ್ಣುಮಕ್ಕಳು ಮುಂದು: 2010ರಲ್ಲಿ ಸಂಧ್ಯಾರಾಣಿ ದೇವಿ ಬೆಳ್ಳಿ, 2018ರಲ್ಲಿ ರೋಶಿಬಿನಾ ದೇವಿ ಕಂಚು, ಮತ್ತೆ 2023ರಲ್ಲಿ ಅವರೇ ಬೆಳ್ಳಿ.

ಸಾಂಡಾ ನೋಡುವ ಅವಕಾಶ ಸಿಕ್ಕರೆ ಒಂದನ್ನು ಗಮನಿಸಿ. ಒದೆಯಲು ಬಂದ ಕಾಲನ್ನು ಗಬಕ್ಕನೆ ಹಿಡಿದು, ಇನ್ನೊಂದು ಕಾಲನ್ನು ಗುಡಿಸಿ ಕೆಡವುವ ಪಟ್ಟು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಲಾಂಗ್‌ಬೀಚ್‌ನ ಕಣದಲ್ಲಾಗಿದ್ದರೆ ಮೊದಲು ತಾಗಿದ ಆ ಒದೆತಕ್ಕೇ ಪಾಯಿಂಟ್ ಹೋಗುತ್ತಿತ್ತು. ಕಾಲು ಹಿಡಿದವನು ಸೋತವನೆನಿಸುತ್ತಿದ್ದ. ಇಲ್ಲಿ ಅವನಿಗೆ ಎರಡು ಪಾಯಿಂಟ್.